ಕ್ಷೌರದ ಕತ್ತಿಯಲ್ಲಿ ಗಡ್ಡ ತೆಗೆಯೋದು ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಹೊಸನಗರದ ಹೈದ:
ಎಲ್ಲರಿಗೂ ನಮಸ್ಕಾರ. ಮಡಚುವ ಹಳೇ ಕಾಲದ ಕ್ಷೌರದ ಕತ್ತಿಯಲ್ಲಿ ಮನೆಯಲ್ಲೇ ಗಡ್ಡ ತೆಗೆಯೋದು ಕಲಿಯಬೇಕು ಅಂತ ಬಹಳ ದಿನದ ಆಸೆ. ಈಗ ಮೂರು ಬ್ಲೇಡಿನ ಕಾರ್ಟ್ರಿಡ್ಜ್ ಬಳಸ್ತಾ ಇದ್ದೇನೆ. ಕುತ್ತಿಗೆ ತುಂಬಾ ಕೆಂಪು ಗುಳ್ಳೆ ಏಳುತ್ತವೆ, ಕಾರ್ಟ್ರಿಡ್ಜ್ ಬೆಲೆ ಕೇಳಿದರೆ ಇನ್ನೊಂದು ಉರಿ. ವಿಡಿಯೋ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಲೂನಿನವರು ಅರ್ಧ ಬ್ಲೇಡ್ ಸಿಕ್ಕಿಸಿ ಬಳಸುವ ಕತ್ತಿಯಿಂದ ಶುರು ಮಾಡಲೋ, ಇಲ್ಲಾ ಮಸೆಯುವ ಕತ್ತಿಯನ್ನೇ ತಗೊಳ್ಳಲೋ? ಇನ್ನೊಂದು ಚಿಂತೆ ಏನಂದ್ರೆ, ನಮ್ಮ ಕಡೆ ಜೂನ್ ಬಂತು ಅಂದ್ರೆ ಬಾಗಿಲ ಚಿಲಕವೂ ತುಕ್ಕು ಹಿಡಿಯುತ್ತೆ. ಕತ್ತಿ ಉಳಿಯುತ್ತಾ?

ತುಂಗಾತೀರ:
ಕತ್ತಿ ಆಮೇಲೆ, ಮೊದಲು ನೊರೆ. ಇದನ್ನು ಯಾರೂ ಕೇಳಲ್ಲ, ಎಲ್ಲರಿಗೂ ಕತ್ತಿ ಮೇಲೇ ಕಣ್ಣು. ಈಗಿರುವ ರೇಜರ್ ಬಿಸಾಡಬೇಡಿ. ಒಂದು ಬ್ರಷ್, ಒಂದು ದುಂಡು ಶೇವಿಂಗ್ ಸೋಪು ಇಲ್ಲಾ ಟ್ಯೂಬಿನ ಕ್ರೀಮು ತಗೊಳ್ಳಿ. ಡಬ್ಬಿ ಒತ್ತಿದರೆ ಬುಸ್ ಅಂತ ಬರುವ ಫೋಮ್ ಬೇಡ, ಅದು ನೋಡೋಕೆ ಉಬ್ಬಿರುತ್ತೆ, ಚರ್ಮದ ಮೇಲೆ ಜಾರಿಕೆ ಕಡಿಮೆ.

ಬ್ರಷ್ಷನ್ನು ಬಿಸಿನೀರಲ್ಲಿ ಅದ್ದಿ, ನೀರು ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಬ್ರಷ್ಷಿನ ತುದಿಗೆ ಅಂಟು ಅಂಟಾಗಿ ಸೋಪು ಹತ್ತಬೇಕು. ಆಮೇಲೆ ಬಟ್ಟಲಲ್ಲೋ ಮುಖದ ಮೇಲೋ ತಿರುಗಿಸುತ್ತಾ ಒಂದೊಂದೇ ಹನಿ ನೀರು ಸೇರಿಸುತ್ತಾ ಹೋಗಿ. ಒಂದೇ ಸಲ ನೀರು ಸುರಿದರೆ ದೊಡ್ಡ ದೊಡ್ಡ ಗುಳ್ಳೆ ಬಂದು ಎರಡು ನಿಮಿಷಕ್ಕೆ ಒಡೆದು ಹೋಗುತ್ತೆ. ಗಟ್ಟಿ ಮೊಸರು ಕಡೆದಾಗ ಬರುವ ಹದ ಇರಬೇಕು, ಗುಳ್ಳೆ ಕಾಣಬಾರದು, ಮೇಲೆ ಸ್ವಲ್ಪ ಹೊಳಪು ಇರಬೇಕು. ಹೊಳಪಿಲ್ಲ ಅಂದ್ರೆ ಇನ್ನೂ ನೀರು ಬೇಕು ಅಂತ ಅರ್ಥ. ಕತ್ತಿಗೆ ನೊರೆ ಸ್ವಲ್ಪ ತೆಳ್ಳಗಿದ್ದರೇ ಒಳ್ಳೇದು.

ಈ ವಿಷಯದಲ್ಲಿ ನಾವು ಮಲೆನಾಡಿನವರು ಪುಣ್ಯವಂತರು ಮಾರಾಯ್ರೇ. ಬಾವಿ ನೀರು, ಅಬ್ಬಿ ನೀರು, ತುಂಗೆ ನೀರು ಎಲ್ಲಾ ಮೆದು ನೀರು. ಮಳೆ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಷ್ಟಾಗುತ್ತೆ, ನೊರೆ ಏಳಲ್ಲ. ನಮಗೆ ಆ ಕಾಟ ಇಲ್ಲ.

ಬೆಂಗಳೂರಲ್ಲಿರೋ ತೀರ್ಥಹಳ್ಳಿ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ನಮ್ಮ ಬಿಲ್ಡಿಂಗಿನದು ಬೋರ್‌ವೆಲ್ ನೀರು. ಊರಿಗೆ ಹೋದಾಗ ಬಟ್ಟಲು ತುಂಬಿ ಚೆಲ್ಲುವಷ್ಟು ನೊರೆ ಕೊಡುವ ಅದೇ ಸೋಪು ಇಲ್ಲಿ ಮೇಲೆ ಬಿಳಿ ಪೊರೆ ಕಟ್ಟಿ ಕೂರುತ್ತೆ. ಕುಡಿಯುವ ಫಿಲ್ಟರ್ ನೀರನ್ನು ಒಂದು ಲೋಟ ಬಿಸಿ ಮಾಡಿಕೊಂಡು ಗಡ್ಡಕ್ಕೆ ಬಳಸುತ್ತೇನೆ. ಮನೆಯವಳಿಗೆ ಇದು ಹುಚ್ಚು ಅನ್ಸುತ್ತೆ.

ಕಟಿಂಗ್ ಶಾಪ್ ಅಣ್ಣ:
ನಾನು ಸಾಗರದಲ್ಲಿ ಅಂಗಡಿ ಇಟ್ಟಿರೋನು. ಇವತ್ತು ಮಂಗಳವಾರ, ರಜೆ, ಅದಕ್ಕೇ ಕೂತು ಬರೀತಾ ಇದ್ದೇನೆ. ತಮ್ಮಾ, ನೀನು ಅರ್ಧ ಬ್ಲೇಡಿನ ಕತ್ತಿಯಿಂದಲೇ ಶುರು ಮಾಡು. ಮಸೆಯುವ ಕತ್ತಿ ತಗೊಂಡರೆ ಕತ್ತಿಗಿಂತ ಜಾಸ್ತಿ ಅದರ ಚಾಕರಿಯೇ ಆಗುತ್ತೆ. ಟೋಪಾಜೋ ಸೆವೆನ್ ಓ ಕ್ಲಾಕೋ ಯಾವುದಾದರೂ ಬ್ಲೇಡ್ ತಗೋ. ಸುತ್ತಿದ ಕಾಗದ ಬಿಚ್ಚಬೇಡ. ಕಾಗದದ ಸಮೇತ ಉದ್ದಕ್ಕೆ ಬಗ್ಗಿಸು, ಲಟಕ್ ಅಂತ ಎರಡು ಹೋಳಾಗುತ್ತೆ, ಬೆರಳಿಗೆ ಏನೂ ಆಗಲ್ಲ. ಒಂದು ಹೋಳನ್ನು ಕತ್ತಿಗೆ ಸಿಕ್ಕಿಸಿ ಮುಚ್ಚಿದ ಮೇಲೆ ಬೆಳಕಿಗೆ ಹಿಡಿದು ನೋಡು, ಈ ತುದಿಯಿಂದ ಆ ತುದಿಗೆ ಬ್ಲೇಡ್ ಒಂದೇ ಸಮ ಹೊರಗೆ ಬಂದಿರಬೇಕು. ಒಂದು ಕಡೆ ಜಾಸ್ತಿ ಬಂದಿದ್ದರೆ ಆ ಮೂಲೆಯೇ ಕೆನ್ನೆಗೆ ಗೀರು ಹಾಕೋದು.

ನಮ್ಮ ತಂದೆಯವರು ಮಸೆಯುವ ಕತ್ತಿಯಲ್ಲೇ ಕೆಲಸ ಮಾಡಿದವರು. ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿ ಮನೆಗಳಿಗೆ ಹೋಗೋರು, ಸುಗ್ಗಿಯಲ್ಲಿ ಭತ್ತ ಅಳೆದು ಕೊಡೋರು. 90ರ ದಶಕದಲ್ಲಿ ಏಡ್ಸ್ ಹೆದರಿಕೆ ಬಂತು ನೋಡಿ, ಗಿರಾಕಿಗಳೇ ಹೊಸ ಬ್ಲೇಡ್ ಹಾಕಿ ಅಂತ ಕೇಳೋಕೆ ಶುರು ಮಾಡಿದರು. ಅದು ಸರಿಯೂ ಹೌದು. ಒಬ್ಬರಿಗೆ ಬಳಸಿದ ಕತ್ತಿ ಇನ್ನೊಬ್ಬರಿಗೆ ಬಳಸಬಾರದು, ಹೆಪಟೈಟಿಸ್ ಬಿ ಥರದ್ದೆಲ್ಲಾ ರಕ್ತದಿಂದಲೂ ಹರಡುತ್ತೆ. ಮನೆಯಲ್ಲಿ ಅಣ್ಣ ತಮ್ಮಂದಿರೂ ಕತ್ತಿ ಹಂಚಿಕೊಳ್ಳಬೇಡಿ.

ತುಂಗಾತೀರ:
ಅಣ್ಣ, ನಿಮ್ಮ ಅನುಭವದ ಮುಂದೆ ನಾನು ಮಾತಾಡೋದು ಜಾಸ್ತಿಯಾಗುತ್ತೆ, ಆದರೂ ಹೇಳ್ತೀನಿ. ದಿನಕ್ಕೆ ಹತ್ತಾರು ಗಡ್ಡ ತೆಗೆಯುವ ನಿಮ್ಮ ಕೈಗೆ ಅರ್ಧ ಬ್ಲೇಡಿನ ಕತ್ತಿ ಸುಲಭ. ಹೊಸಬರಿಗೆ ಅದೇ ಕಷ್ಟ. ಅದು ಹಗುರ, ಕೈಗೆ ತೂಕವೇ ಗೊತ್ತಾಗಲ್ಲ, ಹಾಗಾಗಿ ಗೊತ್ತಿಲ್ಲದೇ ಒತ್ತಿಬಿಡುತ್ತೇವೆ. ಬ್ಲೇಡಿನ ಎರಡೂ ಮೂಲೆ ಚೂಪು. ಒತ್ತಿದ ತಕ್ಷಣ ರಕ್ತ.

ಮಸೆಯುವ ಕತ್ತಿಗೆ ಬೆನ್ನು ದಪ್ಪ, ಬಾಯಿ ತೆಳು. ಅದರ ತೂಕವೇ ಕೆಲಸ ಮಾಡುತ್ತೆ, ನಾವು ದಾರಿ ತೋರಿಸಿದರೆ ಸಾಕು. ಚರ್ಮದ ಪಟ್ಟಿಗೆ ಉಜ್ಜಿದ ಬಾಯಿ ಹೊಸ ಬ್ಲೇಡಿಗಿಂತ ಮೆತ್ತಗೆ ಹೋಗುತ್ತೆ. ಮುಂದಿನ ತುದಿ ದುಂಡಗಿರುವ ಕತ್ತಿ ಸಿಕ್ಕರೆ ಹೊಸಬರಿಗೆ ಇನ್ನೂ ಒಳ್ಳೇದು, ಕಿವಿ ಹತ್ತಿರ ಚುಚ್ಚಲ್ಲ. ಅಗಲ ಇಂಚಿನ ಎಂಟು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ, 5/8 ಅಂದರೆ ಸುಮಾರು 16 ಮಿಲಿಮೀಟರ್, ಕಲಿಯೋರಿಗೆ ಅದೇ ಸಾಕು. ಜರ್ಮನಿಯ ಜೋಲಿಂಗನ್ ಊರಿನ ಹಳೇ ಕತ್ತಿಗಳು ಇವತ್ತಿಗೂ ಓಡಾಡುತ್ತವೆ. ಆ ಊರಿನ ಹೆಸರನ್ನು ಯಾರು ಹಾಕಿಕೊಳ್ಳಬಹುದು ಅನ್ನೋದಕ್ಕೆ 1938ರಲ್ಲೇ ಅಲ್ಲಿ ಕಾನೂನು ಮಾಡಿದ್ದಾರೆ. ಆದರೆ ಹೆಸರು ನೋಡಿ ಮಾರುಹೋಗಬೇಡಿ. ಕತ್ತಿಯ ಬಾಯಲ್ಲಿ ಒಂದು ಸಣ್ಣ ಬಿರುಕು ಇದ್ದರೂ ಅದು ಕಪಾಟಿನಲ್ಲಿ ಇಡೋಕೆ ಮಾತ್ರ.

ಕಟಿಂಗ್ ಶಾಪ್ ಅಣ್ಣ:
ಒತ್ತಬಾರದು ಅನ್ನೋದನ್ನ ಒಪ್ತೀನಿ. ಆದರೆ ಪಟ್ಟಿಗೆ ಉಜ್ಜೋದು ಬರದೇ ಹೋದರೆ ನಿಮ್ಮ ಮಸೆಯುವ ಕತ್ತಿ ವಾರದಲ್ಲಿ ಮೊಂಡಾಗುತ್ತೆ. ಮೊಂಡು ಕತ್ತಿಯಷ್ಟು ಅಪಾಯ ಇನ್ನೊಂದಿಲ್ಲ, ಹರಿಯೋದಿಲ್ಲ ಅಂತ ಒತ್ತುತ್ತಾರೆ, ಒತ್ತಿದಾಗ ಕೂದಲು ಬಿಟ್ಟು ಚರ್ಮ ಬರುತ್ತೆ. ಹುಡುಗನಿಗೆ ಅದನ್ನೂ ಹೇಳಿ.

ಹೊಸನಗರದ ಹೈದ:
ಇಬ್ಬರ ಮಾತೂ ಸರಿ ಅನ್ನಿಸ್ತಿದೆ, ಈಗ ಇನ್ನೂ ಗೊಂದಲ ಆಯ್ತು. ಪಟ್ಟಿಗೆ ಉಜ್ಜೋದು ಹೇಗೆ? ಕತ್ತಿ ಹಿಡಿಯೋದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ತುಂಗಾತೀರ:
ಪಟ್ಟಿ ಅಂದರೆ ಬೆಲ್ಟಿನ ಥರ ಉದ್ದ ಚರ್ಮ, ಜೊತೆಗೆ ಒಂದು ದಪ್ಪ ಬಟ್ಟೆಯ ಪಟ್ಟಿ. ಒಂದು ತುದಿ ಕಿಟಕಿ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಸಡಿಲ ಬಿಟ್ಟರೆ ಪಟ್ಟಿ ಜೋತು ಬಿದ್ದು ಕತ್ತಿಯ ಬಾಯನ್ನು ದುಂಡು ಮಾಡಿಬಿಡುತ್ತೆ. ಕತ್ತಿಯನ್ನು ಪಟ್ಟಿ ಮೇಲೆ ಪೂರ್ತಿ ಚಪ್ಪಟೆ ಮಲಗಿಸಬೇಕು, ಬೆನ್ನೂ ಬಾಯೂ ಎರಡೂ ತಾಗಿರಬೇಕು. ಬೆನ್ನು ಮುಂದೆ, ಬಾಯಿ ಹಿಂದೆ. ಹಾಗೆ ಎಳೆಯಿರಿ. ತುದಿ ಮುಟ್ಟಿದ ಮೇಲೆ ಕತ್ತಿಯನ್ನು ಎತ್ತಬೇಡಿ, ಬೆನ್ನಿನ ಮೇಲೇ ಮಗುಚಿ, ಈಗ ವಾಪಸ್ ಬನ್ನಿ. ಬಾಯಿ ಕಡೆಯಿಂದ ಮಗುಚಿದರೆ ಚರ್ಮ ಸೀಳಿ ಹೋಗುತ್ತೆ. ಬಟ್ಟೆ ಮೇಲೆ ಇಪ್ಪತ್ತು ಸಲ ಹೋಗಿ ಬನ್ನಿ, ಚರ್ಮದ ಮೇಲೆ ನಲವತ್ತು ಐವತ್ತು. ಶುರುವಿನಲ್ಲಿ ನಿಧಾನ, ವೇಗ ತೋರಿಸೋ ಹಾಗಿಲ್ಲ. ಪ್ರತಿ ಸಲ ಗಡ್ಡ ತೆಗೆಯುವ ಮೊದಲು ಇದು ಆಗಲೇಬೇಕು. ಕಲಿಯೋವಾಗ ದುಬಾರಿ ಪಟ್ಟಿ ಬೇಡ, ಮೊದಲನೇ ಪಟ್ಟಿಗೆ ಗಾಯ ಆಗೇ ಆಗುತ್ತೆ. ಬಟ್ಟೆ ಪಟ್ಟಿ ಇಲ್ಲ ಅಂದ್ರೆ ಹಳೇ ದಿನಪತ್ರಿಕೆಯನ್ನು ಮಡಚಿ ಸಮತಟ್ಟು ಹಲಗೆ ಮೇಲಿಟ್ಟು ಉಜ್ಜಿದರೂ ನಡೆಯುತ್ತೆ.

ಕಟಿಂಗ್ ಶಾಪ್ ಅಣ್ಣ:
ಹಿಡಿಯೋದು ನಾನು ಹೇಳ್ತೀನಿ. ಕತ್ತಿಯ ಕುತ್ತಿಗೆ ಅಂದರೆ ಅಲಗಿಗೂ ಹಿಡಿಗೂ ಮಧ್ಯದ ಜಾಗ. ಅಲ್ಲಿ ಕೆಳಗಿಂದ ಹೆಬ್ಬೆರಳು, ಮೇಲಿಂದ ಮೂರು ಬೆರಳು, ಹಿಂದೆ ಚಾಚಿದ ಬಾಲದ ಮೇಲೆ ಕಿರುಬೆರಳು. ಹಿಡಿ ಮೇಲಕ್ಕೆ ತೆರೆದಿರಲಿ. ಮುಷ್ಟಿ ಕಟ್ಟಬಾರದು.

ಕಿವಿ ಮುಂದಿನ ಕೆನ್ನೆಯಿಂದ ಶುರು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿ ಹತ್ತಿರದ ಚರ್ಮವನ್ನು ಮೇಲಕ್ಕೆ ಬಿಗಿಯಾಗಿ ಎಳೆ. ನೊರೆ ಇಲ್ಲದ ಜಾಗದಲ್ಲಿ ಎಳೆಯಬೇಕು, ಇಲ್ಲಾಂದ್ರೆ ಬೆರಳು ಜಾರುತ್ತೆ. ಕತ್ತಿ ಮುಖಕ್ಕೆ ಸುಮಾರು 30 ಡಿಗ್ರಿ. ಜಾಸ್ತಿ ಎತ್ತಿದರೆ ಕೊರೆಯುತ್ತೆ, ತೀರಾ ಮಲಗಿಸಿದರೆ ಕೂದಲು ಕಿತ್ತ ಹಾಗೆ ಎಳೆಯುತ್ತೆ. ಗೆರೆ ಎಳೆದ ಹಾಗೆ ನೇರ ಕೆಳಗೆ, ಒಂದೊಂದು ಸಲಕ್ಕೆ ಒಂದು ಇಂಚು ಸಾಕು. ಕತ್ತಿಯನ್ನು ಯಾವತ್ತೂ ಅಡ್ಡಡ್ಡ ಸರಿಸಬೇಡ, ಹಾಗೆ ಸರಿಸಿದರೆ ತರಕಾರಿ ಹೆಚ್ಚೋ ಕೆಲಸ ಆಗುತ್ತೆ. ಕಿವಿ ಕೊಟ್ಟು ಕೇಳು, ಸರಿ ಕೋನದಲ್ಲಿ ಹೋಗುವಾಗ ಕರ್ರ್ ಅಂತ ಒಂದೇ ಸಮ ಸದ್ದು ಬರುತ್ತೆ. ಸದ್ದು ನಿಂತರೆ ಕೋನ ಕೆಟ್ಟಿದೆ ಅಥವಾ ನೊರೆ ಒಣಗಿದೆ.

ಮೊದಮೊದಲು ಎರಡು ಕೆನ್ನೆ ಮಾತ್ರ ಮಾಡು. ಉಳಿದದ್ದನ್ನು ಹಳೇ ರೇಜರಿನಲ್ಲಿ ಮುಗಿಸು. ಕೈ ಕೂತ ಮೇಲೆ ಕುತ್ತಿಗೆ. ಗಲ್ಲ, ಮೇಲ್ತುಟಿ ಎಲ್ಲಕ್ಕಿಂತ ಕೊನೆಗೆ. ಗಲ್ಲದಲ್ಲಿ ಮೂಳೆ ತಿರುಗುತ್ತೆ, ಕೋನ ಪ್ರತಿ ಬೆರಳಗಲಕ್ಕೂ ಬದಲಾಗಬೇಕು. ಕೆಳತುಟಿಯನ್ನು ಹಲ್ಲಿನ ಮೇಲೆ ಒಳಗೆ ಎಳೆದುಕೋ, ಗಲ್ಲ ಚಪ್ಪಟೆ ಆಗುತ್ತೆ. ಗಂಟಲ ಗಂಟಿನ ಮೇಲೆ ನೇರ ಹೋಗಬೇಡ, ಚರ್ಮವನ್ನು ಪಕ್ಕಕ್ಕೆ ಎಳೆದುಕೊಂಡು ಪಕ್ಕದಲ್ಲಿ ತೆಗಿ.

ದುರ್ಗಿಗುಡಿ ದರ್ಬಾರು:
ಇಷ್ಟೆಲ್ಲಾ ಯಾಕೆ ಸ್ವಾಮಿ? ಅಂಗಡಿಗೆ ಹೋದರೆ ಹತ್ತು ನಿಮಿಷ, ಜೊತೆಗೆ ಊರ ಸುದ್ದಿ ಫ್ರೀ.

ಕಟಿಂಗ್ ಶಾಪ್ ಅಣ್ಣ:
ನೀವು ಬನ್ನಿ ಸಾರ್. ನಿಮ್ಮಂಥವರಿಂದಲೇ ನಮ್ಮ ಒಲೆ ಉರಿಯೋದು.

ಅಡಿಕೆ ಮಂಡಿ:
ನಮ್ಮ ಮನೆಯಲ್ಲಿ ಮೆಟ್ಟುಗತ್ತಿ, ಕುಡುಗೋಲು ಮಸೆಯೋ ಕಲ್ಲಿದೆ, ಅಜ್ಜನ ಕಾಲದ್ದು, ನುಣ್ಣಗಾಗಿದೆ. ಕ್ಷೌರದ ಕತ್ತಿಗೂ ಅದೇ ಆಗಲ್ವಾ? ಕೊಯ್ಲಿನ ಟೈಮಲ್ಲಿ ನಾನು ಮಸೆದು ಕೊಟ್ಟ ಮೆಟ್ಟುಗತ್ತಿಗೆ ಅಡಿಕೆ ಸುಲಿಯೋ ಹೆಂಗಸರು ಜಗಳ ಆಡ್ತಾರೆ, ಅಷ್ಟು ಚೆನ್ನಾಗಿ ಮಸೀತೀನಿ.

ತುಂಗಾತೀರ:
ಬೇಡ ಮಾರಾಯ್ರೇ, ದಯವಿಟ್ಟು ಬೇಡ. ನಿಮ್ಮ ಕೈಚಳಕದ ಮೇಲೆ ಅನುಮಾನ ಇಲ್ಲ, ಕಲ್ಲು ಬೇರೆ. ಮೆಟ್ಟುಗತ್ತಿಗೆ ಸಣ್ಣ ಗರಗಸದ ಹಾಗೆ ಒರಟು ಬಾಯಿ ಇದ್ದರೆ ಸಿಪ್ಪೆ ಚೆನ್ನಾಗಿ ಹಿಡಿಯುತ್ತೆ. ಮುಖಕ್ಕೆ ಆ ಒರಟುತನ ಒಂಚೂರೂ ಇರಬಾರದು. ಕ್ಷೌರದ ಕತ್ತಿಗೆ ಕಲ್ಲಿನ ನುಣುಪನ್ನು ಗ್ರಿಟ್ ಲೆಕ್ಕದಲ್ಲಿ ಹೇಳುತ್ತಾರೆ. ಬಾಯಿ ಪೂರ್ತಿ ಕೆಟ್ಟಿದ್ದರೆ 1000ದಿಂದ ಶುರು, ಆಮೇಲೆ 4000 ಅಥವಾ 5000, ಆಮೇಲೆ 8000, ಕೊನೆಗೆ 12000. ಮುಟ್ಟಿ ನೋಡಿದರೆ 12000ದ ಕಲ್ಲು ಗಾಜಿನಷ್ಟು ನುಣುಪು, ಅದು ಕತ್ತರಿಸುತ್ತೆ ಅಂತ ನಂಬಿಕೆಯೇ ಬರಲ್ಲ.

ಕುಡುಗೋಲು ಮಸೆಯುವಾಗ ಕೋನ ನಾವು ಕೈಯಲ್ಲಿ ಹಿಡಿಯುತ್ತೇವೆ ಅಲ್ವಾ, ಇಲ್ಲಿ ಹಾಗಲ್ಲ. ಬೆನ್ನು ಮತ್ತು ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗೇ ಸಿಗುತ್ತೆ, ಬೆನ್ನಿನ ದಪ್ಪವನ್ನು ಆ ಲೆಕ್ಕಕ್ಕೇ ಮಾಡಿರುತ್ತಾರೆ. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿ ಮೇಲೆ ಬೆನ್ನು ಮುಂದೆ. ಇದೊಂದು ತಿರುವು ಮುರುವು ಆಗದ ಹಾಗೆ ನೋಡಿಕೊಳ್ಳಿ. ಕಲ್ಲು ಮಾತ್ರ ಸಮತಟ್ಟಾಗಿರಬೇಕು. ಅಜ್ಜನ ಕಾಲದ ಕಲ್ಲು ನಡುವೆ ಗುಂಡಿ ಬಿದ್ದಿರುತ್ತೆ, ಅದರಲ್ಲಿ ಮಸೆದರೆ ಕತ್ತಿ ಮುಗೀತು.

ಹೊಸಬರು ಕಲ್ಲಿಗೇ ಹೋಗಬೇಡಿ ಅನ್ನೋದು ನನ್ನ ಮಾತು. ಹೊಸ ಕತ್ತಿ ಕೊಳ್ಳುವಾಗಲೇ ಮಸೆದು, ಗಡ್ಡಕ್ಕೆ ತಯಾರಾಗಿರೋದನ್ನು ಕೇಳಿ ತಗೊಳ್ಳಿ. ಕಾರ್ಖಾನೆಯಿಂದ ಬಂದದ್ದು ಎಲ್ಲಾ ಹಾಗೆ ಇರಲ್ಲ. ಅಗ್ಗದ ಕತ್ತಿಗಳಂತೂ ಪೇಪರ್ ಕತ್ತರಿಸುವಷ್ಟು ಚೂಪಿರುತ್ತವೆ, ಗಡ್ಡಕ್ಕೆ ಅದು ಏನೇನೂ ಸಾಲದು. ಪಟ್ಟಿ ಸರಿಯಾಗಿ ಉಜ್ಜಿಕೊಂಡರೆ ತಿಂಗಳುಗಟ್ಟಲೆ ಕಲ್ಲು ಬೇಕಾಗಲ್ಲ.

ಭದ್ರಾವತಿ ಕುಲುಮೆ:
ನಮ್ಮೂರ ಕಬ್ಬಿಣದ ಕಾರ್ಖಾನೆ ಉಕ್ಕಿನಲ್ಲಿ ಒಂದು ಕತ್ತಿ ಮಾಡಿಸಬೇಕು ಅಂತ ನನಗೆ ಹಳೇ ಹುಚ್ಚು. 1918ರಲ್ಲಿ ಶುರುವಾದ ಕೆಲಸ ಅದು, 1923ರಿಂದ ಕಬ್ಬಿಣ ಕೊಟ್ಟ ಊರು ನಮ್ಮದು. ಆಗುತ್ತಾ?

ತುಂಗಾತೀರ:
ಇಂಗಾಲ ನೂರಕ್ಕೆ ಒಂದು ಭಾಗದ ಆಸುಪಾಸು ಇರುವ ಉಕ್ಕಾದರೆ ಆಗುತ್ತೆ. ಆದರೆ ಉಕ್ಕಿಗಿಂತ ಕಷ್ಟ ಅದನ್ನು ಹದ ಹಾಕೋದು. ಕಾಯಿಸಿ, ತಣಿಸಿ, ಮತ್ತೆ ಮೆಲ್ಲಗೆ ಕಾಯಿಸಿ, ಬಾಯಿ ಗಟ್ಟಿ ಇರಬೇಕು, ಒಡೆಯಲೂ ಬಾರದು. ಆಮೇಲೆ ಎರಡೂ ಪಕ್ಕ ಒಳಗೆ ತಗ್ಗು ಬರುವ ಹಾಗೆ ಅರೆಯಬೇಕು. ಕತ್ತಿ ಮಾಡುವ ಕಮ್ಮಾರರನ್ನು ಹಿಡಿಯಿರಿ, ನೀವು ಮಾಡಿಸಿದ ದಿನ ಇಲ್ಲಿ ಫೋಟೋ ಹಾಕಿ.

ಆಗುಂಬೆ ಜಡಿಮಳೆ:
ತುಕ್ಕಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅದು ನನ್ನ ಪಾಲು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ಕಾರ್ಬನ್ ಉಕ್ಕಿನ ಕತ್ತಿ ಇಟ್ಟುಕೊಂಡವನು ನಾನು.

ಕತ್ತಿಯನ್ನು ಬಚ್ಚಲಲ್ಲಿ ಇಡಲೇಬೇಡಿ. ಹಂಡೆ ಕಾಯುವ ಜಾಗ, ಸದಾ ಹಬೆ, ಅಡಿಕೆ ಸಿಪ್ಪೆ ಹೊಗೆ ಬೇರೆ. ಗಡ್ಡ ಮುಗಿದ ತಕ್ಷಣ ಬಿಸಿನೀರಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ. ಬಾಯಿಗೆ ಅಡ್ಡ ಒರೆಸಿದರೆ ಬಟ್ಟೆಯೂ ಹೋಯ್ತು ಬೆರಳೂ ಹೋಯ್ತು. ಹಿಡಿಯ ಸಂದಿಯಲ್ಲಿ, ಮೊಳೆಯ ಹತ್ತಿರ ನೀರು ನಿಂತಿರುತ್ತೆ, ಅಲ್ಲಿಗೆ ಒಂದು ತುಂಡು ಟಿಶ್ಯೂ ತೂರಿಸಿ ತೆಗೆಯಿರಿ. ತುಕ್ಕು ಮೊದಲು ಹುಟ್ಟೋದೇ ಅಲ್ಲಿ, ಕಣ್ಣಿಗೆ ಕಾಣಲ್ಲ. ಆಮೇಲೆ ಒಂದು ಗಂಟೆ ತೆರೆದೇ ಇಟ್ಟು ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತೆ, ದಿನ ಕಳೆದರೆ ಅಂಟು ಬರುತ್ತೆ. ಮತ್ತೆ ಬಳಸುವ ಮೊದಲು ಎಣ್ಣೆ ಒರೆಸಿ ಪಟ್ಟಿಗೆ ಹಾಕಿ.

ಚಂದ ಕಾಣುತ್ತೆ ಅಂತ ಚರ್ಮದ ಚೀಲದಲ್ಲಿ ಹಾಕಿ ಇಡುತ್ತಾರೆ. ನಮ್ಮ ಮಳೆಗಾಲದಲ್ಲಿ ಚರ್ಮ ತೇವ ಹೀರಿಕೊಂಡು ಕತ್ತಿಗೇ ಕೊಡುತ್ತೆ. ಎಣ್ಣೆ ಬಟ್ಟೆ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ ಆ ಸಿಲಿಕಾ ಜೆಲ್ ಪೊಟ್ಟಣ ಎರಡು ಸೇರಿಸಿ, ಬಟ್ಟೆ ಬೀರುವಿನಲ್ಲಿ ಇಡಿ. ಪಟ್ಟಿಗೂ ಬೂಷ್ಟು ಬರುತ್ತೆ, ಅದನ್ನು ಮಡಚಿ ಪೆಟ್ಟಿಗೆಗೆ ತುರುಕಬೇಡಿ, ಗಾಳಿಗೆ ನೇತು ಹಾಕಿ, ದಿನಾ ಅಂಗೈಯಲ್ಲಿ ಉಜ್ಜಿ. ಬ್ರಷ್ಷೂ ಅಷ್ಟೇ. ಹಂದಿ ಕೂದಲಿನದು, ಬ್ಯಾಡ್ಜರ್ ಕೂದಲಿನದು ಜುಲೈ ತಿಂಗಳಲ್ಲಿ ಒಣಗೋದೇ ಇಲ್ಲ, ವಾಸನೆ ಹಿಡಿಯುತ್ತೆ. ಹಂದಿ ಕೂದಲು ಅಂದರೆ ನಮ್ಮ ಅಮ್ಮ ಒಳಗೇ ಬಿಟ್ಟುಕೊಳ್ಳಲ್ಲ ಅನ್ನೋದು ಇನ್ನೊಂದು ಕಥೆ. ಸಿಂಥೆಟಿಕ್ ತಗೊಳ್ಳಿ, ಎರಡು ಸಲ ಕೊಡವಿದರೆ ಒಣಗುತ್ತೆ.

ಹಳೇ ಕತ್ತಿ ಕೊಳ್ಳುವವರಿಗೆ ಒಂದು ಮಾತು. ಹಿಡಿ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ಕಿನದ್ದಾಗಿದ್ದು ಅದು ಕೊಳೆಯೋಕೆ ಶುರುವಾಗಿದ್ದರೆ, ಅದರಿಂದ ಬರುವ ಆಮ್ಲದ ಗಾಳಿಗೇ ಅಲಗು ತುಕ್ಕು ಹಿಡಿಯುತ್ತೆ. ಹಿಡಿ ತಾಗುವ ಭಾಗದಲ್ಲಿ ಮಾತ್ರ ತುಕ್ಕಿದ್ದರೆ ಅನುಮಾನ ಪಡಿ.

ಮೆಡಿಕಲ್ ಶಾಪ್ ಸೊರಬ:
ಕುತ್ತಿಗೆ ಗುಳ್ಳೆಯ ಬಗ್ಗೆ. ಗುಂಗುರು ಕೂದಲಿನವರಿಗೆ ಇದು ಜಾಸ್ತಿ. ತೀರಾ ಬುಡಕ್ಕೆ ತೆಗೆದಾಗ ಕೂದಲು ಬೆಳೆಯುವಾಗ ಚರ್ಮದ ಒಳಗೇ ಬಾಗಿ ಚುಚ್ಚಿಕೊಳ್ಳುತ್ತೆ. ಮೂರು ಬ್ಲೇಡಿನ ರೇಜರ್ ಕೂದಲನ್ನು ಎಳೆದು ಎಳೆದು ಕತ್ತರಿಸುವುದರಿಂದ ಈ ತೊಂದರೆ ಹೆಚ್ಚು. ಒಂದೇ ಅಲಗಿಗೆ ಬದಲಾದರೆ ಅನೇಕರಿಗೆ ಕಡಿಮೆಯಾಗುತ್ತೆ. ಆದರೆ ಕತ್ತಿಯಲ್ಲೂ ಕೂದಲಿನ ದಿಕ್ಕಿಗೆ ವಿರುದ್ಧ ಹೋದರೆ ಮತ್ತೆ ಅದೇ ಕಥೆ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ ನೋಡಿ, ಎಲ್ಲಿ ಯಾವ ಕಡೆಗೆ ಬೆಳೆದಿದೆ ಅಂತ ಗೊತ್ತಾಗುತ್ತೆ. ಕುತ್ತಿಗೆಯಲ್ಲಿ ಕೆಲವರಿಗೆ ಪಕ್ಕಕ್ಕೆ, ಕೆಲವರಿಗೆ ಮೇಲಕ್ಕೆ ಬೆಳೆಯುತ್ತೆ. ದಿಕ್ಕಿನ ಜೊತೆಗೆ ಒಂದು ಸಲ, ಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಒಂದು ಸಲ. ಅಷ್ಟಕ್ಕೇ ನಿಲ್ಲಿಸಿ.

ಸಣ್ಣ ಗೀರಿಗೆ ಪಟಿಕದ ಕಲ್ಲನ್ನು ಒದ್ದೆ ಮುಖದ ಮೇಲೆ ಸವರಿದರೆ ರಕ್ತ ನಿಲ್ಲುತ್ತೆ. ಉರಿಯುತ್ತೆ, ಸಹಿಸಿಕೊಳ್ಳಿ. ಜಾಸ್ತಿ ಉರಿದ ಕಡೆ ಜಾಸ್ತಿ ಒತ್ತಿದ್ದೀರಿ ಅಂತ ತಿಳಿಯಿರಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಸಕ್ಕರೆ ಕಾಯಿಲೆಯಲ್ಲಿ ಗಾಯ ಬೇಗ ಮಾಯದವರು ಡಾಕ್ಟರನ್ನು ಕೇಳದೇ ಈ ಕತ್ತಿಗೆ ಕೈ ಹಾಕಬೇಡಿ. ಕೀವಿನ ಮೊಡವೆ ಮೇಲೂ ಬೇಡ.

ಹೊಸನಗರದ ಹೈದ:
ತುಂಬಾ ಉಪಕಾರ ಆಯ್ತು ಎಲ್ಲರಿಂದ. ಹೀಗೆ ಮಾಡ್ತೀನಿ: ಈಗ ಬ್ರಷ್, ಸೋಪು ತರಿಸಿ ಹಳೇ ರೇಜರಿನಲ್ಲೇ ನೊರೆ ಕಲಿಯೋದು. ಮಳೆ ನಿಂತ ಮೇಲೆ ಮಸೆದಿರೋ 5/8 ಕತ್ತಿ, ಒಂದು ಅಗ್ಗದ ಪಟ್ಟಿ. ಸಾಗರಕ್ಕೆ ಬಂದಾಗ ಕಟಿಂಗ್ ಶಾಪ್ ಅಣ್ಣನ ಅಂಗಡಿಗೆ ಬಂದು ಕೂತು ಕೈ ಓಡಿಸೋದು ನೋಡಬಹುದಾ?

ಕಟಿಂಗ್ ಶಾಪ್ ಅಣ್ಣ:
ಬಾ ತಮ್ಮಾ. ಅಮಾವಾಸ್ಯೆ ದಿನ ಬಾ, ಅವತ್ತು ಗಿರಾಕಿ ಕಡಿಮೆ, ನಿಧಾನಕ್ಕೆ ತೋರಿಸ್ತೀನಿ. ಬರೋವಾಗ ಗಡ್ಡ ಬಿಟ್ಕೊಂಡು ಬಾ.

ಬೆಂಗಳೂರಲ್ಲಿರೋ ತೀರ್ಥಹಳ್ಳಿ:
ಒಂದು ಚಿಕ್ಕ ಡೌಟು. ಶಿವಮೊಗ್ಗದ ಸೋಗಾನೆಯಿಂದ ವಿಮಾನದಲ್ಲಿ ಬರುವಾಗ ಕತ್ತಿ ತರಬಹುದಾ?

ಆಗುಂಬೆ ಜಡಿಮಳೆ:
ಕೈಚೀಲದಲ್ಲಿ ಬಿಡಲ್ಲ, ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಚೆಕ್‌ಇನ್ ಲಗೇಜಿಗೆ ಹಾಕಿ. ಬಾಯಿ ತೆರೆದುಕೊಳ್ಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿ, ಎಣ್ಣೆ ಸವರೋದು ಮರೀಬೇಡಿ.